ಟಿಕ್ ಎಂದರೆ ಕೊಟ್ಟ ಮಾತು

ಪ್ರೀತಿಯ ಮಗಳೇ,

ಗಚ್ಚಿಬೌಲಿಯ ನಿನ್ನ ಫ್ಲ್ಯಾಟಿಗೆ ಮುಧೋಳದ ನಾಯಿಮರಿ ಬಂದ ಸುದ್ದಿ ತಿಳಿದು ಸಂತೋಷವಾಯಿತು. ಮೂರು ತಿಂಗಳ ಮರಿ ಒಂದು ಗಳಿಗೆ ಸುಮ್ಮನಿರುವುದಿಲ್ಲ, ಬಂದವರ ಮೈಮೇಲೆ ಹಾರುತ್ತದೆ, ಚಪ್ಪಲಿ ಕಚ್ಚಿಕೊಂಡು ಓಡುತ್ತದೆ ಎಂದಿದ್ದೀಯ. ಎರಡು ಏಟು ಬಿದ್ದರೆ ದಾರಿಗೆ ಬರುತ್ತದೆ ಎಂದು ನೆರೆಯವರು ಹೇಳಿದರಂತೆ. ಏಟು ಬೇಡ ಮಗಳೇ. ಊರು ಬಿಟ್ಟು ಹೈದರಾಬಾದಿನಲ್ಲಿ ನೆಲೆಸಿ ಮೊದಲ ಸಲ ನಾಯಿ ಸಾಕುತ್ತಿರುವ ನಿನ್ನಂಥವರೆಲ್ಲರಿಗೂ ಸಲ್ಲಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿನ್ನ ಮರಿಯ ಗುಣ ಅರಿತುಕೋ. ಬಾಗಲಕೋಟೆ ಸೀಮೆಯ ಬಯಲಿನಲ್ಲಿ ಬೇಟೆಯ ಹಿಂದೆ ಓಡಲೆಂದೇ ಬೆಳೆಸಿದ ತಳಿ ಅದು. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ್ದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಸೇನೆ ಆ ತಳಿಯ ಮರಿಗಳನ್ನು ಮೀರತ್ತಿನ ತರಬೇತಿ ಕೇಂದ್ರಕ್ಕೆ ಒಯ್ದಿತು. ಮೂಗಿಗಿಂತ ಕಣ್ಣನ್ನು ನಂಬುವ ಬೇಟೆನಾಯಿ ಅದು. ಕಣ್ಣೆದುರು ಏನಾದರೂ ಸರಿದಾಡಿದರೆ ಕಾಲು ತಾನಾಗಿ ಓಡುತ್ತದೆ. ಇದನ್ನು ತಪ್ಪೆಂದು ಶಿಕ್ಷಿಸಿದರೆ ಹುಟ್ಟುಗುಣವನ್ನೇ ಶಿಕ್ಷಿಸಿದಂತೆ. ಅದಕ್ಕೆ ದಾರಿ ತೋರಿಸುವುದಷ್ಟೇ ನಮ್ಮ ಕೆಲಸ.

ದಾರಿ ತೋರಿಸುವ ಒಂದು ವಿದ್ಯೆ ಕ್ಲಿಕ್ಕರ್ ತರಬೇತಿ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಶಿಷ್ಯರಾದ ಕೆಲ್ಲರ್ ಮತ್ತು ಮರಿಯನ್ ಬ್ರೆಲೆಂಡ್ ದಂಪತಿ 1940ರ ದಶಕದಲ್ಲೇ ಇದನ್ನು ನಾಯಿಗಳ ಮೇಲೆ ಪ್ರಯೋಗಿಸಿದ್ದರು. ಮನೆಮನೆಗೆ ಮುಟ್ಟಿಸಿದವರಲ್ಲಿ ಮುಖ್ಯರು ಕರೆನ್ ಪ್ರಯರ್. ಅವರು 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳನ್ನು ಪಳಗಿಸುತ್ತಿದ್ದವರು. ಡಾಲ್ಫಿನ್‌ಗೆ ಹಗ್ಗ ಕಟ್ಟಲಾಗದು, ಹೊಡೆಯಲೂ ಆಗದು. ಬೇಸರವಾದರೆ ಅದು ಈಜಿ ದೂರ ಹೋಗುತ್ತದೆ. ಆದ್ದರಿಂದ ಸರಿಯಾದದ್ದನ್ನು ಮಾಡಿದ ಕ್ಷಣವೇ ಸೀಟಿ ಊದಿ, ಮೀನು ಕೊಡುತ್ತಿದ್ದರು. ನಿನ್ನ ಮರಿಗೆ ಕೊರಳಪಟ್ಟಿಯಿದೆ, ಬಾಗಿಲಿದೆ. ದೂರ ಹೋಗುವ ದಾರಿಯಿಲ್ಲ. ಹಾಗೆಂದೇ ಅದರ ಮೇಲೆ ನಮಗೆ ಹೆಚ್ಚು ಸಂಯಮ ಇರಬೇಕು.

ಆ ಸೀಟಿಯ ಜಾಗದಲ್ಲಿ ಇಲ್ಲಿ ಕ್ಲಿಕ್ಕರ್. ಅದು ಅಂಗೈಯಲ್ಲಿ ಅಡಗುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಒತ್ತಿದರೆ ಟಿಕ್ ಎನ್ನುತ್ತದೆ. ಆ ಸದ್ದಿಗೆ ಮರಿ ಬೆದರಿದರೆ ಒತ್ತುವ ಬಾಲ್‌ಪೆನ್ ಸಾಕು. ಬೇಯಿಸಿದ ಕೋಳಿಯನ್ನೋ ಪನೀರನ್ನೋ ಬಟಾಣಿ ಗಾತ್ರಕ್ಕೆ ಕತ್ತರಿಸಿಕೋ. ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ, ಹತ್ತಿರ ತರಬೇಡ. ಮೊದಲ ದಿನ ಏನನ್ನೂ ಕೇಳದೆ ಟಿಕ್ ಅನ್ನಿಸಿ ತುಣುಕು ಕೊಡು. ಸದ್ದು ಕೇಳಿದೊಡನೆ ಅದು ನಿನ್ನ ಕೈಯತ್ತ ತಿರುಗಿದರೆ ಮೊದಲ ಪಾಠ ಮುಗಿಯಿತು.

ಆಮೇಲೆ ಮರಿಯನ್ನು ನೋಡುತ್ತಿರು. ತಾನಾಗಿ ಕೂತ ಕ್ಷಣವೇ ಟಿಕ್. ಅರೆಕ್ಷಣ ತಡವಾದರೂ ಎದ್ದು ನಿಂತಿದ್ದಕ್ಕೆ ಬಹುಮಾನ ಸಿಕ್ಕಿತೆಂದು ಅದು ತಿಳಿಯುತ್ತದೆ. ಕೂರುವುದು ರೂಢಿಯಾದ ಮೇಲೆ ‘ಕೂರು’ ಎಂಬ ಮಾತು ಸೇರಿಸು. ಮನೆಯವರೂ ಕೆಲಸಕ್ಕೆ ಬರುವವರೂ ಅದೊಂದೇ ಮಾತು ಬಳಸಲಿ. ಹಾರುವ ಚಾಳಿಗೂ ಇದೇ ಮದ್ದು. ಹಾರಿದಾಗ ಮುಖ ತಿರುಗಿಸಿ ನಿಲ್ಲು, ನಾಲ್ಕೂ ಪಾದ ನೆಲ ಮುಟ್ಟಿದಾಗ ಟಿಕ್, ತುಣುಕನ್ನು ನೆಲದ ಮೇಲೇ ಇಡು. ಸ್ನೇಹಿತೆಯೊಬ್ಬಳನ್ನು ಕರೆಸಿ ಬೆಲ್ ಒತ್ತಿಸಿ ಅಭ್ಯಾಸ ಮಾಡಿಸು. ಊಟ ತರುವ ಹುಡುಗ ಬಂದಾಗ ಬಾಗಿಲಲ್ಲಿ ಪಾಠ ಶುರುಮಾಡಬೇಡ. ಒಂದು ಸಲಕ್ಕೆ ಮೂರು ನಾಲ್ಕು ನಿಮಿಷ ಸಾಕು, ಮರಿಗೆ ಇನ್ನೂ ಆಸೆಯಿರುವಾಗಲೇ ನಿಲ್ಲಿಸು. ಮರಿ ಚಾಪೆಯ ಮೇಲೆ ಸುಮ್ಮನೆ ಮಲಗಿದ್ದಾಗ ನಾವು ಗಮನಿಸುವುದೇ ಇಲ್ಲ. ಚುರುಕಿನ ಮರಿಗೆ ಅತ್ಯಂತ ಬೇಕಾದ ಪಾಠ ಅದೇ. ಆಗ ಸದ್ದಿಲ್ಲದೆ ಹೋಗಿ ಒಂದು ತುಣುಕು ಇಟ್ಟು ಬಾ.

ಮುಖ್ಯವಾದ ಮಾತು ಇದು: ಕೈತಪ್ಪಿ ಒತ್ತಿದರೂ ತುಣುಕು ಕೊಡಲೇಬೇಕು. ಟಿಕ್ ಎಂದರೆ ನೀನು ಕೊಟ್ಟ ಮಾತು. ಕರೆಯಲು, ಗದರಲು ಅದನ್ನು ಒತ್ತಬೇಡ. ಮಾತು ಸುಳ್ಳಾಗುತ್ತಾ ಹೋದರೆ ಸದ್ದಿಗೆ ಅರ್ಥವಿರುವುದಿಲ್ಲ, ನಿನ್ನ ಮೇಲಿನ ನಂಬಿಕೆಯೂ ಸವೆಯುತ್ತದೆ.

ತರಬೇತಿಯೊಂದರಿಂದಲೇ ಎಲ್ಲವೂ ಆಗುವುದಿಲ್ಲ. ಮರಿಗೆ ದಿನದ ಬಹುಪಾಲು ನಿದ್ದೆ ಬೇಕು. ನಿದ್ದೆಗೆಟ್ಟ ಮರಿಯೇ ಹೆಚ್ಚು ಕಚ್ಚುವುದು. ಲಸಿಕೆಗಳು ಮುಗಿಯುವ ತನಕ ಬೀದಿಯ ನೆಲದಲ್ಲಿ ಬಿಡಬೇಡ, ಪಾರ್ವೊ ರೋಗದ ಭಯವಿದೆ. ಆದರೆ ಎತ್ತಿಕೊಂಡು ಹೋಗಿ ಆಟೋ ಸದ್ದು, ಲಿಫ್ಟು, ಮಕ್ಕಳು, ಎಲ್ಲವನ್ನೂ ತೋರಿಸು. ಈ ವಯಸ್ಸಿನಲ್ಲಿ ಕಂಡದ್ದಕ್ಕೆ ಮುಂದೆ ಹೆದರುವುದು ಕಡಿಮೆ. ಲಸಿಕೆ ಮುಗಿದ ಮೇಲೆ, ಹೈದರಾಬಾದಿನ ಬೇಸಿಗೆಯಲ್ಲಿ ನಡಿಗೆ ಬೆಳಗಿನ ಜಾವ ಅಥವಾ ಹೊತ್ತು ಮುಳುಗಿ ನೆಲ ತಣಿದ ಮೇಲೆ. ಕೈಯ ಹಿಂಬದಿಯನ್ನು ನೆಲಕ್ಕೆ ಊರಿ ನೋಡು, ನಿನಗೆ ಸುಟ್ಟರೆ ಅದಕ್ಕೂ ಸುಡುತ್ತದೆ. ದೊಡ್ಡದಾದ ಮೇಲೆ ಸುತ್ತ ಬೇಲಿಯಿರುವ ಬಯಲಿನಲ್ಲಿ ಮನಸಾರೆ ಓಡಲು ಬಿಡು. ಓಡಿ ದಣಿಯದ ಮುಧೋಳದ ನಾಯಿಗೆ ಯಾವ ಪಾಠವೂ ಹತ್ತದು.

ಸಿಟ್ಟು ಬಂದ ದಿನ ಕ್ಲಿಕ್ಕರ್ ಮುಟ್ಟದೆ ಬರೀ ಆಟವಾಡಿಸು. ಉಳಿದ ದಿನಗಳಲ್ಲಿ ಅದು ಕೆಡಿಸಿದ್ದನ್ನು ಎಣಿಸಬೇಡ, ಸರಿಯಾಗಿ ಮಾಡಿದ್ದನ್ನು ಹುಡುಕು. ಹುಡುಕುವ ಕಣ್ಣು ನಿನಗೆ ಬಂದಷ್ಟೂ ಮರಿ ಬೇಗ ಕಲಿಯುತ್ತದೆ. ಇವತ್ತು ರಾತ್ರಿಯ ಊಟಕ್ಕೆ ಮುಂಚೆಯೇ ಶುರುಮಾಡು.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ