ಹತ್ತಿರದ ದಾರಿ ಯಾವುದು?

ಊರಿನಿಂದ ಊರಿಗೆ ಹೋಗುವ ದಾರಿಹೋಕನು ಹತ್ತಿರದ ದಾರಿಯನ್ನು ಅರಸುವುದು ಸಹಜ. ಆದರೆ ಹತ್ತಿರವೆಂದರೇನು? ನಡುವೆ ಒಂದೇ ಊರು ಸಿಗುವ, ಆದರೆ ಕೆಸರು ತುಂಬಿದ ಬಂಡಿದಾರಿಯು ಹತ್ತಿರವೋ? ಮೂರು ಊರುಗಳನ್ನು ಹಾದುಹೋದರೂ ಅಗಲವಾಗಿ, ಸಮತಟ್ಟಾಗಿರುವ ಹೆದ್ದಾರಿಯು ಹತ್ತಿರವೋ? ನಡುವಣ ಊರುಗಳನ್ನು ಎಣಿಸುವವನು ಮೊದಲನೆಯದನ್ನು ಆರಿಸುತ್ತಾನೆ. ಪಯಣದ ಶ್ರಮವನ್ನು ಎಣಿಸುವವನು ಎರಡನೆಯದನ್ನು ಆರಿಸುತ್ತಾನೆ. ಇದೇ ಪ್ರಶ್ನೆಯು ಗಣಕಜಾಲಗಳಲ್ಲಿಯೂ ಉದ್ಭವಿಸಿತು.

ಗಣಕಗಳನ್ನು ಒಂದಕ್ಕೊಂದು ಜೋಡಿಸಿದ ವ್ಯವಸ್ಥೆಗೆ ಗಣಕಜಾಲವೆಂದು ಹೆಸರು. ಇದರಲ್ಲಿ ಸಂದೇಶವು ಇಡಿಯಾಗಿ ಸಾಗದೆ, ಪ್ಯಾಕೆಟ್ಟುಗಳೆಂಬ ಸಣ್ಣ ತುಣುಕುಗಳಾಗಿ ಸಾಗುತ್ತದೆ. ಪ್ರತಿಯೊಂದು ಪ್ಯಾಕೆಟ್ಟನ್ನೂ ಯಾವ ಕಡೆಗೆ ಕಳುಹಿಸಬೇಕೆಂಬುದನ್ನು ಜಾಲದ ಕೂಡುದಾಣಗಳಲ್ಲಿರುವ ರೂಟರ್ ಎಂಬ ಯಂತ್ರಗಳು ನಿರ್ಣಯಿಸುತ್ತವೆ. ಒಂದು ರೂಟರಿನಿಂದ ಮತ್ತೊಂದಕ್ಕೆ ದಾಟುವುದನ್ನು ‘ನೆಗೆತ’ವೆಂದು ಕರೆಯೋಣ.

ನೆಗೆತಗಳು ಕಡಮೆಯಿರುವ ಮಾರ್ಗವನ್ನು ಆರಿಸುವುದು ಅತಿ ಸುಲಭವಾದ ಉಪಾಯ. 1988ರಲ್ಲಿ ಅಧಿಕೃತ ಲಿಖಿತ ರೂಪ ಪಡೆದ ‘ರಿಪ್’ ಎಂಬ ನಿಯಮಾವಳಿಯು ಈ ಬಗೆಯದು. ಅದರಲ್ಲಿ 15 ನೆಗೆತಗಳೇ ಪರಮಾವಧಿ. 16 ಎಂದರೆ ತಲಪಲಾಗದ ತಾಣವೆಂದೇ ಅರ್ಥ. ಚಿಕ್ಕ ಜಾಲಗಳಿಗೆ ಇದು ಸಾಕು. ಆದರೆ ಇದರ ಕಣ್ಣಿಗೆ ನಿಧಾನದ ಕೊಂಡಿಯೂ ವೇಗದ ಕೊಂಡಿಯೂ ಒಂದೇ.

ಈ ದೋಷವನ್ನು ನೀಗಲು ಪ್ರತಿಯೊಂದು ಕೊಂಡಿಗೂ ಒಂದು ‘ವೆಚ್ಚ’ವನ್ನು ಗೊತ್ತುಪಡಿಸಿದರು. ಇಲ್ಲಿ ವೆಚ್ಚವೆಂದರೆ ಹಣವಲ್ಲ, ದಾಟುವ ಶ್ರಮದ ಅಳತೆ. ಕೊಂಡಿಯು ಸೆಕೆಂಡಿಗೆ ಸಾಗಿಸಬಲ್ಲ ಬಿಟ್ಟುಗಳ ಸಂಖ್ಯೆಯಿಂದ ಹತ್ತು ಕೋಟಿಯನ್ನು ಭಾಗಿಸಿ ವೆಚ್ಚವನ್ನು ಪಡೆಯುವುದು ಒಂದು ರೂಢಿ. ಎರಡು ತಾಣಗಳ ನಡುವೆ ಸೆಕೆಂಡಿಗೆ ಹತ್ತು ಲಕ್ಷ ಬಿಟ್ಟುಗಳನ್ನು ಸಾಗಿಸುವ ನೇರ ಕೊಂಡಿಯೊಂದಿದೆಯೆಂದು ಭಾವಿಸಿರಿ. ಅದರ ವೆಚ್ಚ 100. ಬಳಸುದಾರಿಯಲ್ಲಿ ಒಂದೊಂದೂ ಸೆಕೆಂಡಿಗೆ ಒಂದು ಕೋಟಿ ಬಿಟ್ಟುಗಳನ್ನು ಸಾಗಿಸುವ ಮೂರು ಕೊಂಡಿಗಳಿವೆ. ಅವುಗಳ ವೆಚ್ಚ 10, 10, 10, ಒಟ್ಟು 30. ನೆಗೆತಗಳು ಮೂರಾದರೂ ಬಳಸುದಾರಿಯೇ ಹತ್ತಿರದ್ದಾಯಿತು!

ನೂರಾರು ಕೊಂಡಿಗಳ ಜಾಲದಲ್ಲಿ ಅತ್ಯಲ್ಪ ವೆಚ್ಚದ ಮಾರ್ಗವನ್ನು ಕಂಡುಹಿಡಿಯುವುದು ಹೇಗೆ? ಇದಕ್ಕೆ ನೆದರ್ಲೆಂಡ್ಸ್ ದೇಶದ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರ ಅವರ ವಿಧಾನವು ನೆರವಾಯಿತು. ಅವರೇ ಹೇಳಿಕೊಂಡಂತೆ, 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾಫಿ ಅಂಗಡಿಯೊಂದರಲ್ಲಿ ಕುಳಿತು, ಸುಮಾರು 20 ನಿಮಿಷಗಳಲ್ಲಿ ಅದನ್ನು ಮನಸ್ಸಿನಲ್ಲಿಯೇ ರೂಪಿಸಿದರು, 1959ರಲ್ಲಿ ಪ್ರಕಟಿಸಿದರು. ಹೊರಟ ತಾಣದಿಂದ ಅತ್ಯಲ್ಪ ವೆಚ್ಚದಲ್ಲಿ ತಲಪಬಹುದಾದ ತಾಣವನ್ನು ಮೊದಲು ನಿಶ್ಚಯಿಸಿಕೊಂಡು, ಅದರ ಮೂಲಕ ಉಳಿದವುಗಳಿಗೆ ದಾರಿ ಅಗ್ಗವಾಗುವುದೇ ಎಂದು ನೋಡುತ್ತ ಮುಂದುವರಿಯುವುದೇ ಅದರ ಸಾರ. 1989ರಲ್ಲಿ ಪ್ರಕಟವಾದ ‘ಓಎಸ್‌ಪಿಎಫ್’ ನಿಯಮಾವಳಿಯು ಈ ವಿಧಾನವನ್ನೇ ಅವಲಂಬಿಸಿದೆ.

ಆದರೂ ವೆಚ್ಚವನ್ನು ಗೊತ್ತುಪಡಿಸುವುದು ಸುಲಭದ ಕೆಲಸವಲ್ಲ. 1969ರಲ್ಲಿ ಅಮೆರಿಕದಲ್ಲಿ ಆರಂಭವಾದ ಆರ್ಪಾನೆಟ್ ಜಾಲದಲ್ಲಿ 1979ರಿಂದ, ಪ್ರತಿ ಕೊಂಡಿಯಲ್ಲಿ ಆಗುವ ವಿಳಂಬವನ್ನು ಅಳೆದು ಅದನ್ನೇ ವೆಚ್ಚವೆಂದು ಪರಿಗಣಿಸತೊಡಗಿದರು. ದಟ್ಟಣೆಯು ಹೆಚ್ಚಿದಾಗ ಒಂದು ವಿಚಿತ್ರ ಕಂಡಿತು. ಒಂದು ಕೊಂಡಿಯು ನಿಧಾನವೆಂದು ತಿಳಿದೊಡನೆ ರೂಟರುಗಳೆಲ್ಲವೂ ಅದನ್ನು ತೊರೆದು ಮತ್ತೊಂದಕ್ಕೆ ಮುಗಿಬೀಳುತ್ತಿದ್ದವು. ಆಗ ಅದು ಕಿಕ್ಕಿರಿದು, ಮೊದಲನೆಯದು ಬರಿದಾಗುತ್ತಿತ್ತು. ಮರುಗಳಿಗೆ ಎಲ್ಲವೂ ಹಿಂದಿರುಗುತ್ತಿದ್ದವು. 1987ರಲ್ಲಿ, ವೆಚ್ಚವು ಒಮ್ಮೆಲೇ ಬಹಳವಾಗಿ ಏರಿಳಿಯದಂತೆ ಮಿತಿಗೊಳಿಸಿ ಈ ತೂಗಾಟವನ್ನು ತಗ್ಗಿಸಿದರು.

ಹಳೆಯ ಅಳತೆಗೋಲೂ ಮೋಸಮಾಡಬಲ್ಲದು. ಹತ್ತು ಕೋಟಿಯ ಲೆಕ್ಕದಲ್ಲಿ, ಸೆಕೆಂಡಿಗೆ ಹತ್ತು ಕೋಟಿ ಬಿಟ್ಟುಗಳ ಕೊಂಡಿಯ ವೆಚ್ಚ 1. ಅದಕ್ಕಿಂತ ಹತ್ತುಮಡಿ ವೇಗದ ಕೊಂಡಿಯ ವೆಚ್ಚವೂ 1. ಏಕೆಂದರೆ ಒಂದಕ್ಕಿಂತ ಕಡಮೆಯ ವೆಚ್ಚವನ್ನು ನಿಯಮವು ಒಪ್ಪದು. ಎಲ್ಲ ಕೊಂಡಿಗಳ ವೆಚ್ಚವೂ ಒಂದೇ ಆದಾಗ, ರೂಟರು ತನಗರಿಯದೆಯೇ ಮತ್ತೆ ನೆಗೆತಗಳನ್ನು ಎಣಿಸತೊಡಗುತ್ತದೆ. ಆದುದರಿಂದ ಜಾಲವನ್ನು ನೋಡಿಕೊಳ್ಳುವವರು ಭಾಜ್ಯವನ್ನು ಎಲ್ಲ ರೂಟರುಗಳಲ್ಲಿಯೂ ಸಮನಾಗಿ ಹೆಚ್ಚಿಸಬೇಕಾಗುತ್ತದೆ. ಯಂತ್ರವು ಲೆಕ್ಕವನ್ನು ತಪ್ಪಿಲ್ಲದೆ ಮಾಡುತ್ತದೆ. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ವಿವೇಕವು ಮನುಷ್ಯನದೇ.

ಅಭ್ಯಾಸ

1. ನೆಗೆತಗಳ ಎಣಿಕೆಯಲ್ಲಿರುವ ದೋಷವೇನು?
2. ಆರ್ಪಾನೆಟ್ಟಿನಲ್ಲಿ ತೂಗಾಟವುಂಟಾಗಲು ಕಾರಣವೇನು?
3. ಸೆಕೆಂಡಿಗೆ 20 ಲಕ್ಷ ಬಿಟ್ಟುಗಳನ್ನು ಸಾಗಿಸುವ ಕೊಂಡಿಯ ವೆಚ್ಚವನ್ನು ಹತ್ತು ಕೋಟಿಯ ಲೆಕ್ಕದಲ್ಲಿ ಕಂಡುಹಿಡಿಯಿರಿ.