ಅಜ್ಜನ ಮಾರುತಿ ಮತ್ತು ನಾವು ಕಲಿತ ಪಾಠ

ಗೋಪಾಳದಲ್ಲಿ ನಮ್ಮ ತಂಡದ ಒಬ್ಬನ ಮನೆ. ಗೇಟು ತೆಗೆದ ಕೂಡಲೇ ಎಡಗಡೆ ಹಲಸಿನ ಮರ, ಮರದ ಕೆಳಗೆ ಬಿಳಿ ಮಾರುತಿ 800. 2007ರ ಆಗಸ್ಟ್‌ನಲ್ಲಿ ಅವನ ಅಜ್ಜ ಸಾಲ ಮಾಡಿ ತಗೊಂಡಿದ್ದ ಗಾಡಿ. 2021ರಲ್ಲಿ ಅಜ್ಜ ತೀರಿಕೊಂಡರು. ಅಂದಿನಿಂದ ಗಾಡಿ ನಿಂತಲ್ಲೇ ನಿಂತಿತ್ತು. ಮೂರ್ನಾಲ್ಕು ಮಳೆಗಾಲ ಕಳೆದ ಮೇಲೆ ಟೈರು ಕೂತು ಹೋಯ್ತು, ಬಾಗಿಲ ಅಂಚಿಗೆ ತುಕ್ಕು ಬಂತು, ಬಾನೆಟ್ ಒಳಗೆ ಇಲಿ ಗೂಡು ಕಟ್ಟಿತು.

ಈ ವರ್ಷ ಕಾಂಪೌಂಡ್ ರಿಪೇರಿಗೆ ಜಾಗ ಬೇಕಾಯ್ತು. ಅಜ್ಜಿ ಕರೆದು, "ನೀವೆಲ್ಲ ಇಂಜಿನಿಯರಿಂಗ್ ಓದ್ತೀರಲ್ಲ ಮಾರಾಯ್ರೆ, ಈ ಕಾರನ್ನ ಒಂದು ದಡ ಮುಟ್ಟಿಸಿ" ಅಂದರು. ಒಂದು ಭಾನುವಾರದ ಕೆಲಸ ಅಂದ್ಕೊಂಡ್ವಿ. ಹಿಡಿದದ್ದು ಸುಮಾರು ಮೂರು ತಿಂಗಳು. ಆ ಮೂರು ತಿಂಗಳಲ್ಲಿ ಕಲಿತದ್ದನ್ನ ಇಲ್ಲಿ ಬರೆದಿದ್ದೇವೆ. ನಿಮ್ಮ ಮನೆಯಲ್ಲೂ ಹಳೇ ಗಾಡಿ ನಿಂತಿದ್ದರೆ ಒಂದು ಸಲ ಓದಿ.

ಮೊದಲ ಪಾಠ: ಗಾಡಿ ಹೋದರೂ ಹೆಸರು ಹೋಗೋದಿಲ್ಲ

ಮೊದಲ ದಿನವೇ ಒಬ್ಬರು ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಹದಿನೆಂಟು ಸಾವಿರ ಕೊಡ್ತೀನಿ. ಆರ್‌ಸಿ ಇದ್ರೆ ಕೊಡಿ, ಇಲ್ದಿದ್ರೂ ಪರವಾಗಿಲ್ಲ. ಸಂಜೆಗೇ ಎತ್ಕೊಂಡು ಹೋಗ್ತೀನಿ" ಅಂದರು. ಅಜ್ಜಿಗೆ ಖುಷಿ, ನಮಗೂ ಖುಷಿ. ಇಷ್ಟು ಸುಲಭವಾ ಅನ್ನಿಸಿತು.

ತಡೆದದ್ದು ಅದೇ ಬೀದಿಯ ಒಬ್ಬ ನಿವೃತ್ತ ಮೇಷ್ಟ್ರು. ಅವರು ಕೆಲವು ವರ್ಷದ ಹಿಂದೆ ಸ್ಕೂಟರನ್ನ ಛಾಪಾ ಕಾಗದದ ಮೇಲೆ ಬರೆಸಿ ಮಾರಿದ್ದರು. ಕೊಂಡವನು ಹೆಸರು ಬದಲಾಯಿಸಿಕೊಳ್ಳಲಿಲ್ಲ. ಆಮೇಲೆ ಆ ಸ್ಕೂಟರ್ ಯಾರಿಗೋ ಗುದ್ದಿ, ಕೋರ್ಟಿನ ನೋಟಿಸು ಮೇಷ್ಟ್ರ ಮನೆಗೆ ಬಂತು. "ನಾನು ಮಾರಿದೀನಿ ಸ್ವಾಮಿ ಅಂದ್ರೆ, ದಾಖಲೆಲಿ ನಿಮ್ಮ ಹೆಸರೇ ಇದೆಯಲ್ಲ ಅಂದ್ರು" ಅಂತ ಹೇಳಿದರು.

ನಾವು ಹೋಗಿ ಕಾನೂನು ಓದಿದ್ವಿ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 2(30)ರಲ್ಲಿ 'ಮಾಲೀಕ' ಅಂದರೆ ಯಾರ ಹೆಸರಲ್ಲಿ ವಾಹನ ನೋಂದಣಿ ಆಗಿದೆಯೋ ಅವರು. ದುಡ್ಡು ಕೊಟ್ಟವರು, ಕೀಲಿ ಇಟ್ಟುಕೊಂಡವರು ಅಂತ ಅಲ್ಲಿ ಬರೆದಿಲ್ಲ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅಲ್ಲಿ ಕಾರು 2007ರಲ್ಲೇ ಮಾರಾಟವಾಗಿ, ಕೈಯಿಂದ ಕೈಗೆ ಹೋಗಿ, 2009ರಲ್ಲಿ ಅಪಘಾತವಾಗಿತ್ತು. ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. ಪರಿಹಾರದ ಹೊಣೆ ಅವರ ಮೇಲೇ ಬಂತು.

ಇನ್ನೊಂದು ಅಪಾಯವೂ ಇದೆ. ಕದ್ದ ಗಾಡಿಗೆ ಹಳೇ ಗಾಡಿಯ ನಂಬರು, ಚಾಸಿ ನಂಬರು ಹಾಕಿ ಓಡಿಸೋ ದಂಧೆ ಹೊಸದೇನಲ್ಲ. ಗುಜರಿಗೆ ಬೇಕಾದ್ದು ಬರೀ ಕಬ್ಬಿಣ. ಆರ್‌ಸಿಗೂ ಸೇರಿಸಿ ಹೆಚ್ಚು ದುಡ್ಡು ಕೊಡ್ತೀನಿ ಅಂದರೆ ಆ ಕಾಗದ ಯಾಕೆ ಬೇಕು ಅಂತ ಕೇಳಲೇಬೇಕು. ಹದಿನೆಂಟು ಸಾವಿರದ ಮಾತು ಅಲ್ಲಿಗೆ ನಿಂತಿತು.

ಎರಡನೇ ಪಾಠ: ಮಾರೋದಾ, ರಿನ್ಯೂ ಮಾಡಿಸೋದಾ, ಗುಜರಿಗಾ?

'15 ವರ್ಷ ಆದ್ರೆ ಗಾಡಿ ಗುಜರಿಗೇ ಹಾಕಬೇಕು' ಅಂತ ಎಲ್ಲರೂ ಹೇಳ್ತಾರೆ. ಇದು ತಪ್ಪು. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಅನ್ನೋ ನಿರ್ಬಂಧದ ಮಾತು ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದ್ದು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯಸ್ಸು. ಆಮೇಲೆ ಫಾರಂ 25 ಹಾಕಿ, ಗಾಡಿ ತಪಾಸಣೆಯಲ್ಲಿ ಪಾಸಾದರೆ, ಐದೈದು ವರ್ಷಕ್ಕೆ ನವೀಕರಿಸಬಹುದು.

ಆದರೆ ಖರ್ಚು? 2022ರ ಏಪ್ರಿಲ್ 1ರಿಂದ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ತಡವಾದರೆ ಕೇಂದ್ರ ನಿಯಮದ ಪ್ರಕಾರ ಕಾರಿಗೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ.

ಅಜ್ಜನ ಕಾರಿನ ಲೆಕ್ಕ ಹೀಗಾಯ್ತು. ನೋಂದಣಿ ಮುಗಿದದ್ದು 2022ರ ಆಗಸ್ಟ್. ನಾವು ಲೆಕ್ಕಕ್ಕೆ ಕೂತದ್ದು 2025ರ ಆಗಸ್ಟ್. 36 ತಿಂಗಳು ಗುಣಿಸು 500, ಅಂದರೆ 18,000. ಅದಕ್ಕೆ 5,000 ಸೇರಿಸಿದರೆ 23,000. ಇದರ ಮೇಲೆ ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ, ಹೊಸ ಬ್ಯಾಟರಿ, ನಾಲ್ಕು ಟೈರು, ಬ್ರೇಕಿನ ಕೆಲಸ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಿಂದ ಒಬ್ಬ ಮೆಕ್ಯಾನಿಕ್‌ನ ಕರ್ಕೊಂಡು ಬಂದು ತೋರಿಸಿದ್ವಿ. ನೆಲಕ್ಕೆ ಬಗ್ಗಿ ಚಾಸಿ ತಟ್ಟಿ ನೋಡಿ, "ಪ್ರೀತಿಗೆ ಮಾಡ್ಸೋದಾದ್ರೆ ಮಾಡ್ಸಿ, ಲೆಕ್ಕಕ್ಕೆ ಬೇಡ" ಅಂದರು.

ಮಾರೋದಾದರೂ ಮೊದಲು ನೋಂದಣಿ ಚಾಲ್ತಿಯಲ್ಲಿರಬೇಕು. ಹಾಗಾಗಿ ಅಜ್ಜನ ಕಾರಿಗೆ ಉಳಿದದ್ದು ಅಧಿಕೃತ ಗುಜರಿ ಒಂದೇ. ನಿಮ್ಮ ಗಾಡಿ ಓಡುವ ಸ್ಥಿತಿಯಲ್ಲಿದ್ದು, ನೋಂದಣಿಯೂ ಇದ್ದರೆ ಮಾರೋದೇ ಲಾಭ. ಅದಕ್ಕೆ ಫಾರಂ 29 ಮತ್ತು 30. ಕಲಂ 50ರ ಪ್ರಕಾರ ರಾಜ್ಯದೊಳಗೇ ಮಾರಿದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ನೋಂದಣಿ ಕಚೇರಿಗೆ ತಿಳಿಸಬೇಕು. ಖಾಲಿ ಫಾರಂಗೆ ಸಹಿ ಹಾಕಿ ಯಾರ ಕೈಗೂ ಕೊಡಬೇಡಿ. ಹೊಸ ಹೆಸರು ಬಂದಿದೆಯಾ ಅಂತ ಪರಿವಾಹನ್ ಪೋರ್ಟಲ್‌ನಲ್ಲಿ ನೀವೇ ನೋಡಿ, ಆಮೇಲೆ ನಿದ್ದೆ ಮಾಡಿ.

ಮೂರನೇ ಪಾಠ: ಕಾಗದದ ಕೆಲಸ

ನಮಗೆ ಎರಡು ಗಂಟು ಬಿದ್ದಿದ್ವು.

ಮೊದಲನೆಯದು, ಮಾಲೀಕರೇ ಇಲ್ಲ. ನಿಯಮದಂತೆ ಮಾಲೀಕರು ತೀರಿಕೊಂಡ 30 ದಿನದೊಳಗೆ ವಾರಸುದಾರರು ನೋಂದಣಿ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31 ಹಾಕಿ ಹೆಸರು ಬದಲಾಯಿಸಿಕೊಳ್ಳಬೇಕು. ದುಃಖದ ಮನೆಯಲ್ಲಿ ಯಾರಿಗೆ ಆರ್‌ಸಿ ನೆನಪಾಗುತ್ತೆ? ಇಲ್ಲೂ ಯಾರಿಗೂ ಆಗಿರಲಿಲ್ಲ. ಈಗ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ಮಕ್ಕಳು 'ನಮ್ಮ ತಕರಾರಿಲ್ಲ' ಅಂತ ಬರೆದುಕೊಟ್ಟ ಅಫಿಡವಿಟ್ಟು ಎಲ್ಲ ಬೇಕಾಯ್ತು. ಒಬ್ಬ ಮಗ ಪುಣೆಯಲ್ಲಿ, ಒಬ್ಬಳು ಮಗಳು ದಾವಣಗೆರೆಯಲ್ಲಿ. ಸಹಿ ಸೇರಿಸೋದಕ್ಕೇ ಒಂದು ತಿಂಗಳು ಹೋಯ್ತು. 2021ರಿಂದ ಆರ್‌ಸಿಯಲ್ಲೇ ನಾಮಿನಿ ಹೆಸರು ಸೇರಿಸಲು ಅವಕಾಶ ಬಂದಿದೆ. ಇವತ್ತೇ ನಿಮ್ಮ ಅಪ್ಪ ಅಮ್ಮನಿಗೆ ಹೇಳಿ. ಮುಂದಿನ ಓಡಾಟ ಎಷ್ಟೋ ಕಡಿಮೆಯಾಗುತ್ತೆ.

ಎರಡನೆಯದು ಸಾಲ. ಅಜ್ಜ ಕೊನೇ ಕಂತು ಕಟ್ಟಿ ಹದಿಮೂರು ವರ್ಷ ಆಗಿತ್ತು. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಅಡಮಾನದ ಸಾಲು ಹಾಗೇ ಇತ್ತು. ಕಂತು ಮುಗಿದರೆ ಅದು ತಾನಾಗಿ ಅಳಿಸಿಹೋಗುತ್ತೆ ಅಂದ್ಕೊಳ್ಳಬೇಡಿ. ಬ್ಯಾಂಕಿನಿಂದ ಫಾರಂ 35 ಮತ್ತು ಸಾಲ ತೀರಿದ ಪತ್ರ ತಂದು ನೋಂದಣಿ ಕಚೇರಿಗೆ ಕೊಡಬೇಕು. ಇಲ್ಲಿ ಕನ್ನಡ ನಾಡಿಗೇ ವಿಶೇಷವಾದ ತೊಡಕೊಂದಿದೆ. ನಮ್ಮ ಅಪ್ಪ, ಅಜ್ಜಂದಿರು ಸಾಲ ತಗೊಂಡ ಬ್ಯಾಂಕುಗಳಲ್ಲಿ ಹಲವು ಇವತ್ತು ಆ ಹೆಸರಿನಲ್ಲಿ ಇಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಗೆ ಸೇರಿದವು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಳೇ ಬ್ಯಾಂಕಿನ ಸಾಲಕ್ಕೆ ಈಗ ಪತ್ರ ಕೊಡಬೇಕಾದ್ದು ಹೊಸ ಬ್ಯಾಂಕು. ಹಳೇ ಖಾತೆ ನಂಬರು ಇಲ್ಲದೆ ಹೋದರೆ ಹುಡುಕಾಟ ದೊಡ್ಡದು. ನಮ್ಮನ್ನ ಉಳಿಸಿದ್ದು ಅಜ್ಜ ಬೀರುವಿನಲ್ಲಿ ಜೋಪಾನ ಮಾಡಿಟ್ಟಿದ್ದ ಪಾಸ್‌ಬುಕ್ಕು. ಆದರೂ ನಾಲ್ಕು ಸಲ ಓಡಾಡಿದ್ವಿ.

ನಾಲ್ಕನೇ ಪಾಠ: ಅಧಿಕೃತ ಗುಜರಿ ಅಂದರೇನು

2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನೋಂದಾಯಿತ ವಾಹನ ಗುಜರಿ ಕೇಂದ್ರಗಳ ನಿಯಮ ತಂತು. ಗಾಡಿ ಎಲ್ಲೇ ನೋಂದಣಿ ಆಗಿದ್ದರೂ ದೇಶದ ಯಾವುದೇ ನೋಂದಾಯಿತ ಕೇಂದ್ರಕ್ಕೆ ಕೊಡಬಹುದು. ನಮ್ಮ ಕೆಎ-14 ಗಾಡಿಯನ್ನ ಶಿವಮೊಗ್ಗದಲ್ಲೇ ಒಡೆಯಬೇಕು ಅಂತೇನಿಲ್ಲ. ಪರಿವಾಹನ್‌ನ ವಿ-ಸ್ಕ್ರ್ಯಾಪ್ ವಿಭಾಗದಲ್ಲಿ ಕೇಂದ್ರಗಳ ಪಟ್ಟಿ ಸಿಗುತ್ತೆ, ಅರ್ಜಿಯನ್ನೂ ಅಲ್ಲೇ ಹಾಕಬಹುದು.

ಅವರು ಮೊದಲು ಗಾಡಿ ಕದ್ದದ್ದಾ, ಕೇಸಿನಲ್ಲಿದೆಯಾ, ಸಾಲ ಇದೆಯಾ ಅಂತ ದಾಖಲೆ ನೋಡ್ತಾರೆ. ಗಾಡಿ ಒಪ್ಪಿಸಿದ ಮೇಲೆ ಠೇವಣಿ ಪ್ರಮಾಣಪತ್ರ ಕೊಡ್ತಾರೆ. ಒಡೆದ ಮೇಲೆ ಗುಜರಿ ಪ್ರಮಾಣಪತ್ರ. ಚಾಸಿ ನಂಬರಿರೋ ತುಂಡನ್ನ ಕತ್ತರಿಸಿ ಬೇರೆ ಇಡಬೇಕು. ವಾಹನ್ ದಾಖಲೆಯಲ್ಲೂ ಗಾಡಿ ಮುಗಿಯಿತು ಅಂತ ದಾಖಲಾಗುತ್ತೆ. ಬೀದಿಯ ಗುಜರಿ ಅಂಗಡಿಗೂ ಇದಕ್ಕೂ ಇರೋ ವ್ಯತ್ಯಾಸ ಇದೇ. ಅಲ್ಲಿ ಗಾಡಿ ಸಾಯುತ್ತೆ, ದಾಖಲೆ ಬದುಕಿರುತ್ತೆ. ಗಾಡಿ ನಾಶವಾದರೆ ಅಥವಾ ಶಾಶ್ವತವಾಗಿ ಕೆಟ್ಟರೆ 14 ದಿನದೊಳಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಅಂತ ಕಲಂ 55 ಹೇಳುತ್ತೆ. ಆ ಕೆಲಸವನ್ನ ಗುಜರಿಯವನು ಮಾಡೋದಿಲ್ಲ, ನಾವೂ ಮರೀತೀವಿ.

ಠೇವಣಿ ಪ್ರಮಾಣಪತ್ರ ತೋರಿಸಿ ಹೊಸ ಗಾಡಿ ತಗೊಂಡರೆ ನೋಂದಣಿ ಶುಲ್ಕ ಇಲ್ಲ. ಖಾಸಗಿ ಗಾಡಿಯ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಕೇಂದ್ರ ನಿಯಮ ಅವಕಾಶ ಮಾಡಿದೆ. ಶೋರೂಮಿಗೆ ಹೋಗೋ ಮೊದಲು ವಿಚಾರಿಸಿ.

ಐದನೇ ಪಾಠ: ಭದ್ರಾವತಿ ಕಡೆ ತಿರುಗಿ ನೋಡಿ

ಇನ್ನು ನಮ್ಮ ಪಠ್ಯದ ಕಡೆ ಬರೋಣ. ಮಾರುತಿ 800ರ ತೂಕ ಸುಮಾರು 650 ಕಿಲೋ. ಕಾರಿನ ತೂಕದಲ್ಲಿ ಸುಮಾರು ಶೇ. 65 ಉಕ್ಕು ಮತ್ತು ಕಬ್ಬಿಣ ಅಂತ ಹಿಡಿದರೆ 420 ಕಿಲೋ ಆಯ್ತು. ಒಂದು ಟನ್ ಗುಜರಿ ಕರಗಿಸಿದರೆ 1.1 ಟನ್ ಕಬ್ಬಿಣದ ಅದಿರು, 630 ಕಿಲೋ ಕೋಕಿಂಗ್ ಕಲ್ಲಿದ್ದಲು ಉಳಿಯುತ್ತೆ ಅಂತ 2019ರ ಉಕ್ಕು ಗುಜರಿ ನೀತಿ ಹೇಳುತ್ತೆ. ಅಂದರೆ ಅಜ್ಜನ ಕಾರೊಂದರಿಂದಲೇ ಸುಮಾರು 460 ಕಿಲೋ ಅದಿರು, 265 ಕಿಲೋ ಕಲ್ಲಿದ್ದಲು ಉಳಿದ ಹಾಗಾಯ್ತು.

ಇದು ನಮ್ಮೂರಿನವರಿಗೆ ಬೇಗ ಅರ್ಥ ಆಗಬೇಕು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸೋಕೆ ಶುರು ಮಾಡಿದಾಗ ಉರುವಲು ಮಲೆನಾಡಿನ ಮರದ ಇದ್ದಿಲು. ಕಬ್ಬಿಣಕ್ಕೆ ಬೆಲೆ ಕೊಟ್ಟದ್ದು ನಮ್ಮ ಕಾಡು. ಅಂಥ ಊರಿನ ಪಕ್ಕದಲ್ಲಿ 420 ಕಿಲೋ ಕಬ್ಬಿಣ ಹಲಸಿನ ಮರದ ಕೆಳಗೆ ತುಕ್ಕಾಗಿ ಮಣ್ಣು ಸೇರೋದು ಚೆನ್ನಾಗಿಲ್ಲ.

ಉಳಿದದ್ದು ಇನ್ನೂ ಮುಖ್ಯ. ಬ್ಯಾಟರಿಯಲ್ಲಿ ಸೀಸ ಮತ್ತು ಆಸಿಡ್, ಇಂಜಿನ್ನಿನಲ್ಲಿ ಹಳೇ ಆಯಿಲ್, ರೇಡಿಯೇಟರಿನಲ್ಲಿ ಕೂಲಂಟ್. ಎಸಿ ಇದ್ದರೆ ಆರ್-134ಎ ಅನಿಲ. ಅದು ಬಿಸಿ ಹಿಡಿದಿಡುವ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು. ಬೀದಿಬದಿಯಲ್ಲಿ ಸುತ್ತಿಗೆಯಿಂದ ಒಡೆದರೆ ಅನಿಲ ಗಾಳಿಗೆ, ಆಯಿಲ್ ಚರಂಡಿಗೆ. ನಮ್ಮೂರ ಚರಂಡಿ ಕೊನೆಗೆ ಸೇರೋದು ತುಂಗೆಗೆ ತಾನೇ? ನೋಂದಾಯಿತ ಕೇಂದ್ರದಲ್ಲಿ ಒಡೆಯೋ ಮೊದಲು ಇವನ್ನೆಲ್ಲ ಬಸಿದು ತೆಗೀಬೇಕು. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಹೊಸ ನಿಯಮದಲ್ಲಿ ಕಾರು ತಯಾರಿಸಿದ ಕಂಪನಿಗೂ ಇದರ ಹೊಣೆ ಇದೆ.

ಕೊನೆಗೆ ಏನಾಯ್ತು

ಅಕ್ಟೋಬರ್ ಕೊನೆಯಲ್ಲಿ ಲಾರಿ ಬಂತು. ಅಜ್ಜಿಯ ಖಾತೆಗೆ ಬಂದದ್ದು 14 ಸಾವಿರ ಚಿಲ್ಲರೆ. ಮೊದಲ ದಿನ ಬಂದವರು ಹೇಳಿದ್ದಕ್ಕಿಂತ ಸುಮಾರು ನಾಲ್ಕು ಸಾವಿರ ಕಡಿಮೆ. ನಮಗೆ ಸ್ವಲ್ಪ ಬೇಜಾರಾಗಿ ಅಜ್ಜಿಗೆ ಹೇಳಿದ್ವಿ. ಅವರು ಪ್ರಮಾಣಪತ್ರದಲ್ಲಿ ಅಜ್ಜನ ಹೆಸರು ಎಲ್ಲಿದೆ ಅಂತ ತೋರಿಸಿಕೊಂಡು, "ಹೋಗ್ಲಿ ಬಿಡಿ. ಅವರ ಹೆಸರಲ್ಲಿ ಇನ್ನು ಯಾರೂ ಏನೂ ಮಾಡೋಕಾಗಲ್ವಲ್ಲ" ಅಂದು ಬೀರುವಿನಲ್ಲಿ ಇಟ್ಟರು. ಅದೇ ಪಾಸ್‌ಬುಕ್ಕಿನ ಪಕ್ಕ.

ಈ ವಾರ ನಿಮಗೆ ಮನೆಗೆಲಸ:

1. ಮನೆಯ ಎಲ್ಲ ಗಾಡಿಗಳ ಆರ್‌ಸಿ ತೆಗೆದು ನೋಂದಣಿ ಯಾವಾಗ ಮುಗಿಯುತ್ತೆ ನೋಡಿ.
2. ಸಾಲ ತೀರಿದ್ದರೆ ಅಡಮಾನದ ಸಾಲು ತೆಗೆಸಿ.
3. ನಾಮಿನಿ ಹೆಸರು ಸೇರಿಸಿ.
4. ಹಿಂದೆ ಮಾರಿದ ಗಾಡಿ ಇನ್ನೂ ನಿಮ್ಮ ಹೆಸರಲ್ಲೇ ಇದೆಯಾ ಪೋರ್ಟಲ್‌ನಲ್ಲಿ ಹುಡುಕಿ.
5. ಗಾಡಿ ಕೊಟ್ಟ ಮೇಲೆ ಫಾಸ್ಟ್ಯಾಗ್ ಮುಚ್ಚಿಸಿ, ವಿಮಾ ಕಂಪನಿಗೆ ತಿಳಿಸಿ. ಕ್ಲೇಮ್ ಮಾಡದ ಬೋನಸ್ ಗಾಡಿಯದ್ದಲ್ಲ, ಮಾಲೀಕರದ್ದು. ಪತ್ರ ತಗೊಂಡಿಟ್ಟರೆ ಮುಂದಿನ ಗಾಡಿಗೆ ಬರುತ್ತೆ.

ನಾಲ್ಕನೆಯದನ್ನ ಮಾತ್ರ ಇವತ್ತೇ ಮಾಡಿ. ನಮ್ಮ ತಂಡದಲ್ಲೇ ಇಬ್ಬರ ಮನೆಯಲ್ಲಿ, ಯಾವತ್ತೋ ಮಾರಿದ ಬೈಕು ಇನ್ನೂ ಅಪ್ಪನ ಹೆಸರಲ್ಲೇ ಓಡಾಡ್ತಾ ಇತ್ತು.