ಸಿದ್ಧಚಿತ್ರಗಳ ಆಯ್ಕೆ

ವಿಡಿಯೋ ಆಟವೊಂದು ತೆರೆಯ ಮೇಲೆ ಮೂಡಿದಾಗ ಆಡುವವನ ಕಣ್ಣಿಗೆ ಮೊದಲು ಬೀಳುವುದು ಅದರ ಚಿತ್ರಗಳು. ನೆಲ, ಮರ, ಮನೆ, ಓಡುವ ಮನುಷ್ಯ, ಉರಿಯುವ ಬೆಂಕಿ, ಏಳುವ ಹೊಗೆ ಇವೆಲ್ಲವನ್ನೂ ಒಬ್ಬ ಕಲಾವಿದನು ಶ್ರಮವಹಿಸಿ ರಚಿಸಿರುತ್ತಾನೆ. ಆದರೆ ಆಟವನ್ನು ಕಟ್ಟಿದವನೇ ಆ ಚಿತ್ರಗಳನ್ನೂ ಬರೆದಿರಬೇಕೆಂಬ ನಿಯಮವೇನೂ ಇಲ್ಲ. ಬೇರೊಬ್ಬರು ಬರೆದಿಟ್ಟ ಸಿದ್ಧಚಿತ್ರಗಳನ್ನು ಆರಿಸಿ ಬಳಸುವುದು ಇಂದು ಆಟ ರಚಿಸುವವರಲ್ಲಿ ಬಳಕೆಯಲ್ಲಿರುವ ಕ್ರಮವಾಗಿದೆ. ಈ ಆಯ್ಕೆಯೂ ಒಂದು ಕಲೆಯೇ.

ಮೊದಮೊದಲು ಪರಿಸ್ಥಿತಿ ಬೇರೆಯಾಗಿತ್ತು. 1978ರಲ್ಲಿ ಜಪಾನಿನಲ್ಲಿ ಪ್ರಕಟವಾದ ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟದ ನಿರ್ಮಾಪಕನಾದ ತೊಮೊಹಿರೊ ನಿಶಿಕಾಡೊ ಆಟದ ಕಲ್ಪನೆ, ಚಿತ್ರ, ಕ್ರಮವಿಧಿಗಳನ್ನಲ್ಲದೆ ಅದಕ್ಕೆ ಬೇಕಾದ ಯಂತ್ರಭಾಗವನ್ನೂ ತಾನೇ ರೂಪಿಸಿದನು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟವು ಕೇವಲ 40 ಕಿಲೋಬೈಟುಗಳಲ್ಲಿ ಅಡಗಿತ್ತು. ಅದರಲ್ಲಿ ಚಿತ್ರಗಳಿಗೆ ದೊರೆತುದು 8 ಕಿಲೋಬೈಟುಗಳಷ್ಟು ಸ್ಥಳ ಮಾತ್ರ. ಆದುದರಿಂದ ಅದರ ರಚನಕಾರರು ಒಂದೇ ಆಕಾರವನ್ನು ಆಕಾಶದಲ್ಲಿಟ್ಟು ಬಿಳಿಯ ಬಣ್ಣ ಕೊಟ್ಟು ಮೋಡವೆಂದೂ, ನೆಲದ ಮೇಲಿಟ್ಟು ಹಸಿರು ಬಣ್ಣ ಕೊಟ್ಟು ಪೊದೆಯೆಂದೂ ತೋರಿಸಿದರು. ಕೋಟ್ಯಂತರ ಜನರು ಆ ಆಟವನ್ನಾಡಿದರೂ ಅನೇಕರಿಗೆ ಈ ಜಾಣ್ಮೆಯು ಹೊಳೆಯಲೇ ಇಲ್ಲ. ಚಿತ್ರದ ಬೆಲೆಯು ಅದರ ಹೊಸತನದಲ್ಲಿ ಮಾತ್ರವಲ್ಲ, ಅದನ್ನು ಎಲ್ಲಿ, ಹೇಗೆ ಇಡಲಾಗಿದೆ ಎಂಬುದರಲ್ಲಿಯೂ ಇದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕಾಲಕ್ರಮದಲ್ಲಿ ಆಟಗಳು ದೊಡ್ಡವಾದವು. ಕ್ರಮವಿಧಿ ಬರೆಯಬಲ್ಲವನಿಗೆ ಕುಂಚ ಹಿಡಿಯಲು ಬಾರದು. ಚಿತ್ರ ಬರೆಯಬಲ್ಲವನಿಗೆ ಗಣಕದ ಭಾಷೆ ತಿಳಿಯದು. ಈ ಕೊರತೆಯನ್ನು ತುಂಬಲು ಸಿದ್ಧಚಿತ್ರಗಳ ಭಂಡಾರಗಳು ಹುಟ್ಟಿಕೊಂಡವು. 2009ರಲ್ಲಿ ‘ಓಪನ್ ಗೇಮ್ ಆರ್ಟ್’ ಎಂಬ ಉಚಿತ ಭಂಡಾರವೂ, 2010ರಲ್ಲಿ ‘ಯೂನಿಟಿ’ ಸಂಸ್ಥೆಯ ಮಾರಾಟದ ಭಂಡಾರವೂ ಆರಂಭವಾದವು. ನೆದರ್ಲೆಂಡ್ಸ್ ದೇಶದ ‘ಕೆನಿ’ ಎಂಬ ಸಂಸ್ಥೆಯು ತನ್ನ ಸಾವಿರಾರು ಚಿತ್ರಗಳನ್ನು ಯಾವ ನಿರ್ಬಂಧವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿದೆ. ಬಡ ವಿದ್ಯಾರ್ಥಿಯೂ ಇವುಗಳ ನೆರವಿನಿಂದ ತನ್ನ ಮನಸ್ಸಿನ ಆಟಕ್ಕೆ ರೂಪ ಕೊಡಬಲ್ಲನು.

ಆದರೆ ಭಂಡಾರವು ತುಂಬಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಬ್ಬನು ಬರೆದ ಮರವು ದಪ್ಪ ಕಪ್ಪು ಅಂಚಿನದು. ಇನ್ನೊಬ್ಬನು ಬರೆದ ಮನೆಗೆ ಅಂಚೇ ಇಲ್ಲ. ಒಂದರ ನೆರಳು ಎಡಕ್ಕೆ, ಮತ್ತೊಂದರದು ಬಲಕ್ಕೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸುಂದರ; ಒಂದೆಡೆ ಸೇರಿಸಿದರೆ ಅಡವಿಯ ಪರದೆಯ ಮುಂದೆ ಅರಮನೆಯ ಸಿಂಹಾಸನವನ್ನಿಟ್ಟ ನಾಟಕದಂತೆ ಆಭಾಸ.

ಈ ತೊಡಕನ್ನು ಬಿಡಿಸಲು 2012ರಲ್ಲಿ ಒಂದು ಗಮನಾರ್ಹ ಪ್ರಯತ್ನ ನಡೆಯಿತು. ‘ಕ್ರಿಯೇಟಿವ್ ಕಾಮನ್ಸ್’, ‘ಫ್ರೀ ಸಾಫ್ಟ್‌ವೇರ್ ಫೌಂಡೇಶನ್’ ಮತ್ತು ‘ಓಪನ್ ಗೇಮ್ ಆರ್ಟ್’ ಸೇರಿ ‘ಲಿಬರೇಟೆಡ್ ಪಿಕ್ಸೆಲ್ ಕಪ್’ ಎಂಬ ಸ್ಪರ್ಧೆಯನ್ನು ಏರ್ಪಡಿಸಿದವು. ಸ್ಪರ್ಧೆಗೆ ಮೊದಲೇ ಮಾದರಿಚಿತ್ರಗಳನ್ನೂ ಒಂದು ಶೈಲಿಸೂತ್ರವನ್ನೂ ಸಿದ್ಧಪಡಿಸಲಾಯಿತು. ನೆಲದ ಪ್ರತಿಯೊಂದು ಬಿಲ್ಲೆಯೂ ಅಗಲದಲ್ಲಿ 32, ಎತ್ತರದಲ್ಲಿ 32 ಚುಕ್ಕಿಗಳದಾಗಿರಬೇಕು. ದೃಶ್ಯವನ್ನು ಮೇಲಿನಿಂದ ಓರೆಯಾಗಿ ನೋಡಿದಂತಿರಬೇಕು. ಬಣ್ಣ, ನೆರಳುಗಳಲ್ಲಿ ಹೊಂದಾಣಿಕೆಯಿರಬೇಕು ಎಂದು ಗೊತ್ತುಪಡಿಸಲಾಯಿತು. ಮೊದಲ ಹಂತದಲ್ಲಿ ಕಲಾವಿದರು ಚಿತ್ರಗಳನ್ನು ರಚಿಸಿದರು. ಎರಡನೆಯ ಹಂತದಲ್ಲಿ ಕ್ರಮವಿಧಿಕಾರರು ಅವುಗಳಿಂದ ಆಟಗಳನ್ನು ಕಟ್ಟಿದರು. ಒಬ್ಬರ ಮುಖವನ್ನೊಬ್ಬರು ಕಾಣದ ಜನರು ಬರೆದ ಚಿತ್ರಗಳು ಒಂದೇ ಕೈಯಿಂದ ಬಂದಂತೆ ಹೊಂದಿಕೊಂಡವು. ಸ್ಪರ್ಧೆ ಮುಗಿದ ಬಳಿಕವೂ ಈ ಸಂಗ್ರಹವು ಬೆಳೆಯುತ್ತಲೇ ಬಂದಿತು. ಇಂದು ಒಬ್ಬನು ಬರೆದ ದೇಹಕ್ಕೆ ಮತ್ತೊಬ್ಬನು ಬರೆದ ಕೂದಲನ್ನೂ, ಮೂರನೆಯವನು ಬರೆದ ಉಡುಪನ್ನೂ ಪದರಪದರವಾಗಿ ಹೊದಿಸಿ ಹೊಸ ಪಾತ್ರವನ್ನು ಸೃಷ್ಟಿಸಬಹುದು.

ಚಿತ್ರವನ್ನು ಆರಿಸುವವನು ಅಳತೆಯ ಕಡೆಗೂ ಗಮನ ಕೊಡಬೇಕು. ಚುಕ್ಕಿಗಳಿಂದಾದ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿದರೆ ಒಂದೊಂದು ಚುಕ್ಕಿಯೂ ಸಮನಾದ ನಾಲ್ಕು ಚುಕ್ಕಿಗಳಾಗುತ್ತದೆ, ಚಿತ್ರ ಕೆಡುವುದಿಲ್ಲ. ಒಂದೂವರೆ ಪಟ್ಟು ಹಿಗ್ಗಿಸಿದರೆ ಕೆಲವು ಚುಕ್ಕಿಗಳು ದೊಡ್ಡವೂ ಕೆಲವು ಸಣ್ಣವೂ ಆಗಿ ರೂಪವು ವಿಕಾರಗೊಳ್ಳುತ್ತದೆ. ದೊಡ್ಡ ಚಿತ್ರವೇ ಒಳ್ಳೆಯದೆಂಬ ಭಾವನೆಯೂ ಸರಿಯಲ್ಲ. ಉದ್ದಗಲಗಳೆರಡರಲ್ಲೂ 4096 ಚುಕ್ಕಿಗಳಿರುವ ಒಂದು ಚಿತ್ರವು, ಚುಕ್ಕಿಯೊಂದಕ್ಕೆ ನಾಲ್ಕು ಬೈಟುಗಳಂತೆ, ಗಣಕದ ನೆನಪಿನಲ್ಲಿ 64 ಮೆಗಾಬೈಟುಗಳನ್ನು ಆಕ್ರಮಿಸುತ್ತದೆ. ಅಂತಹ ಅನೇಕ ಚಿತ್ರಗಳು ಸೇರಿದರೆ ಸಾಧಾರಣವಾದ ಮೊಬೈಲ್ ಫೋನಿಗೆ ಆ ಭಾರವನ್ನು ಹೊರುವುದು ಕಷ್ಟವಾಗುತ್ತದೆ.

ಬೆಂಕಿ, ಹೊಗೆ, ಕಿಡಿಗಳಂತಹ ಪರಿಣಾಮಗಳ ವಿಷಯವೂ ಹೀಗೆಯೇ. ಇವು ಬಹುಮಟ್ಟಿಗೆ ಒಂದೇ ಚಿತ್ರದಿಂದ ಆದವುಗಳಲ್ಲ. ಅಸಂಖ್ಯ ಸಣ್ಣ ಕಣಗಳು ಹುಟ್ಟಿ, ಚಲಿಸಿ, ಬಣ್ಣಗೆಟ್ಟು ಅಳಿಯುವಂತೆ ಮಾಡುವುದರಿಂದ ಬೆಂಕಿಯ ಭ್ರಮೆ ಉಂಟಾಗುತ್ತದೆ. 1982ರ ‘ಸ್ಟಾರ್ ಟ್ರೆಕ್’ ಚಲನಚಿತ್ರವೊಂದರಲ್ಲಿ ಗ್ರಹವನ್ನು ಆವರಿಸುವ ಜ್ವಾಲೆಯನ್ನು ಈ ವಿಧಾನದಿಂದ ತೋರಿಸಲಾಯಿತು; ವಿಲಿಯಂ ರೀವ್ಸ್ ಎಂಬ ತಂತ್ರಜ್ಞನು 1983ರಲ್ಲಿ ಅದನ್ನು ಪ್ರಬಂಧರೂಪದಲ್ಲಿ ವಿವರಿಸಿದನು. ಸೆಕೆಂಡಿಗೆ 60 ಬಾರಿ ತೆರೆಯನ್ನು ಹೊಸದಾಗಿ ಬರೆಯುವ ಆಟದಲ್ಲಿ ಪ್ರತಿಯೊಂದು ದೃಶ್ಯಕ್ಕೂ ಸೆಕೆಂಡಿನ ಅರುವತ್ತನೆಯ ಒಂದು ಭಾಗದಷ್ಟೇ ಕಾಲಾವಕಾಶ. ಕಣಗಳು ಮಿತಿಮೀರಿದರೆ ಆಟವು ತಡವರಿಸುತ್ತದೆ. ಊಟಕ್ಕೆ ಉಪ್ಪಿನಂತೆ ಆಟಕ್ಕೆ ಪರಿಣಾಮಗಳು, ಹದ ತಪ್ಪಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಹಕ್ಕಿನ ವಿಚಾರ. ಕೈಗೆ ಸಿಕ್ಕಿತೆಂದ ಮಾತ್ರಕ್ಕೆ ಚಿತ್ರವು ಸ್ವಂತದ್ದಾಗದು. 2002ರಿಂದ ಬಳಕೆಗೆ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಹಲವು ಬಗೆಗಳಿವೆ. ಬಹುತೇಕ ಎಲ್ಲವೂ ರಚನಕಾರನ ಹೆಸರನ್ನು ಹೇಳಬೇಕೆಂದು ವಿಧಿಸುತ್ತವೆ. ಕೆಲವು ವ್ಯಾಪಾರಕ್ಕೆ ಬಳಸಕೂಡದೆನ್ನುತ್ತವೆ. ಮತ್ತೆ ಕೆಲವು ತಿದ್ದಿದ ಚಿತ್ರವನ್ನು ಹಂಚುವಾಗ ಅದೇ ಷರತ್ತಿನ ಮೇಲೆ ಹಂಚಬೇಕೆನ್ನುತ್ತವೆ. ಇನ್ನೊಬ್ಬರ ಚಿತ್ರವನ್ನು ಕದ್ದು ತನ್ನದೆಂದು ಭಂಡಾರದಲ್ಲಿಟ್ಟವನಿಂದ ಪಡೆದ ಅನುಮತಿಗೆ ಬೆಲೆಯಿಲ್ಲ. ಆದುದರಿಂದ ಚಿತ್ರವನ್ನು ಪಡೆದ ದಿನವೇ ಅದರ ಮೂಲ, ರಚನಕಾರನ ಹೆಸರು, ಷರತ್ತುಗಳನ್ನು ಬರೆದಿಟ್ಟುಕೊಳ್ಳುವುದು ಜಾಣತನ.

ಸಿದ್ಧಚಿತ್ರವನ್ನು ಬಳಸುವುದು ಸೋಮಾರಿತನವಲ್ಲ. ವಿವೇಚನೆಯಿಲ್ಲದೆ ಬಳಸುವುದು ಸೋಮಾರಿತನ. ಹೂವುಗಳನ್ನು ಬೆಳೆದವರು ಬೇರೆಯಾದರೂ ಮಾಲೆಯ ಅಂದವು ಕಟ್ಟಿದವನ ಕೈಯಲ್ಲಿರುತ್ತದೆ. ಹೂ ಕೊಟ್ಟವರನ್ನು ನೆನೆಯುವುದು ಮಾಲೆ ಕಟ್ಟಿದವನ ಧರ್ಮ.

ಪದಗಳ ಅರ್ಥ

ಕ್ರಮವಿಧಿ – ಗಣಕಕ್ಕೆ ಕೊಡುವ ಆಜ್ಞೆಗಳ ಸಾಲು, ಪ್ರೋಗ್ರಾಂ
ಬಿಲ್ಲೆ – ಇಲ್ಲಿ, ಚೌಕಾಕಾರದ ಚಿಕ್ಕ ಚಿತ್ರ, ಟೈಲ್
ಆಭಾಸ – ಹೊಂದಿಕೆಯಿಲ್ಲದಿರುವಿಕೆ
ಪರವಾನಗಿ – ಅನುಮತಿ, ಲೈಸೆನ್ಸ್

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ‘ಸೂಪರ್ ಮಾರಿಯೋ ಬ್ರದರ್ಸ್’ ಆಟದಲ್ಲಿ ಪೊದೆಯನ್ನು ಹೇಗೆ ತೋರಿಸಲಾಯಿತು?
2. 2012ರ ಸ್ಪರ್ಧೆಯಲ್ಲಿ ನೆಲದ ಬಿಲ್ಲೆಯ ಅಳತೆ ಎಷ್ಟಿತ್ತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಶೈಲಿಸೂತ್ರದ ಅಗತ್ಯವೇನಿತ್ತು? ಅದರಿಂದಾದ ಪ್ರಯೋಜನವೇನು?
2. ಸಿದ್ಧಚಿತ್ರವನ್ನು ಬಳಸುವವನು ಹಕ್ಕಿನ ವಿಷಯದಲ್ಲಿ ವಹಿಸಬೇಕಾದ ಎಚ್ಚರಗಳಾವುವು?

ಇ. ‘ಹೂ ಕೊಟ್ಟವರನ್ನು ನೆನೆಯುವುದು ಮಾಲೆ ಕಟ್ಟಿದವನ ಧರ್ಮ’ – ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.